ಹಳೆಯ ಪಂಚಾಂಗಕ್ಕೆ ಹೊಸ ರಟ್ಟು

ಹಿಂದಿನ ಲಿಪಿಕಾರರು ಓಲೆಯ ಗ್ರಂಥವನ್ನು ನಕಲು ಮಾಡಿ ಮುಗಿಸಿದಾಗ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೈಮುಗಿದು ಬರೆಯುತ್ತಿದ್ದುದುಂಟು. ಅಚ್ಚಿನ ಕಾಲ ಬಂದ ಮೇಲೆ ಆ ವಿನಯವೇ ಪುಸ್ತಕದ ಕೊನೆಯ 'ತಪ್ಪು-ಒಪ್ಪು' ಹಾಳೆಯಾಯಿತು. ಇಂಥ ಪುಟ, ಇಂಥ ಸಾಲು, ಅಲ್ಲಿರುವುದು ತಪ್ಪು, ಇದು ಸರಿ. ಮುಚ್ಚುಮರೆಯಿಲ್ಲದ ವ್ಯವಹಾರ.

ಈಗ ವೈದ್ಯ ವಿದ್ವಾಂಸರ ಲೋಕದಲ್ಲಿ ಬೇರೊಂದು ಬಗೆಯ ಟಿಪ್ಪಣಿ ಕಾಣಿಸಿಕೊಂಡಿದೆ. ಅದು ತಪ್ಪೆಂದೂ ಹೇಳದು, ಒಪ್ಪೆಂದೂ ಹೇಳದು. ಅಡ್ಡಗೋಡೆಯ ಮೇಲೆ ದೀಪವಿಟ್ಟು ಮನೆಗೆ ಹೋಗುತ್ತದೆ. ಅದರ ಹೆಸರು ಸಂಪಾದಕೀಯ ಟಿಪ್ಪಣಿ.

ಇದು ನಮಗೇಕೆ ಎಂದು ವಾಚಕರು ಕೇಳಬಹುದು. ಆರ್ಚಿ ಕಾಕ್ರನ್ ಎಂಬ ವೈದ್ಯರ ಹೆಸರಿನಲ್ಲಿ 1993ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಸ್ಥೆ ಹುಟ್ಟಿತು. ಒಂದು ಚಿಕಿತ್ಸೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ, ತೂಗಿ, ಗುಣವಿದೆಯೇ ಇಲ್ಲವೇ ಎಂದು ಹೇಳುವುದು ಅದರ ಕೆಲಸ. ಅದರ ಸಮೀಕ್ಷೆಗಳನ್ನು ಲೋಕದ ವೈದ್ಯರು ಪ್ರಮಾಣವೆಂದು ಹಿಡಿಯುತ್ತಾರೆ. ಭಾರತೀಯರೆಲ್ಲರೂ ಅವನ್ನು ಪುಕ್ಕಟೆಯಾಗಿ ಓದಲೆಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯೇ 2007ರಲ್ಲಿ ಹಣ ತೆತ್ತಿತು. ಅಂದಮೇಲೆ ಈ ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ಕೇಳುವ ಹಕ್ಕು ನಮಗೂ ಉಂಟು.

ಒಂದು ನಿದರ್ಶನ ಕೊಡುತ್ತೇನೆ. ದೀರ್ಘಕಾಲದ ಆಯಾಸರೋಗವೆಂಬುದೊಂದಿದೆ. ನಾವು ಬಲ್ಲ ದಣಿವಲ್ಲ ಅದು. ಸ್ವಲ್ಪ ನಡೆದರೂ, ಒಂದಿಷ್ಟು ಓದಿದರೂ, ರೋಗಿ ಮುಂದೆ ದಿನಗಟ್ಟಲೆ ಹಾಸಿಗೆ ಹಿಡಿಯಬಹುದು. ಇಂಥವರಿಗೆ ವ್ಯಾಯಾಮದ ಚಿಕಿತ್ಸೆ ಕೊಡಬಹುದೇ ಎಂಬುದರ ಮೇಲೆ ಕಾಕ್ರನ್ ಸಮೀಕ್ಷೆಯೊಂದಿದೆ. ಎಂಟು ಪ್ರಯೋಗಗಳು, 1518 ರೋಗಿಗಳು. ವ್ಯಾಯಾಮದಿಂದ ಆಯಾಸ ಬಹುಶಃ ತಗ್ಗುತ್ತದೆ ಎಂಬುದು ಅದರ ತೀರ್ಮಾನ. ಕೆಡುಕಾಗುತ್ತದೆಯೇ ಎಂಬುದು ಖಚಿತವಿಲ್ಲವೆಂದೂ ಅದೇ ಹೇಳುತ್ತದೆ. ರೋಗಿಗಳು ಆಕ್ಷೇಪವೆತ್ತಿದರು. 2019ರ ಅಕ್ಟೋಬರಿನಲ್ಲಿ ಸಮೀಕ್ಷೆಯನ್ನು ತಿದ್ದಿ ಪ್ರಕಟಿಸಿದಾಗ, ಪ್ರಧಾನ ಸಂಪಾದಕರಾದ ಕಾರ್ಲಾ ಸೋರೆಸ್-ವೈಸರ್ ಅವರೇ ಒಂದು ಹೇಳಿಕೆ ಹೊರಡಿಸಿದರು: ಇದರ ಪ್ರಶ್ನೆಯೂ ವಿಧಾನವೂ 2002ರವು, ರೋಗದ ಲಕ್ಷಣನಿರೂಪಣೆ 1990ರ ದಶಕದ್ದು, ಆದ್ದರಿಂದ ಹೊಸದಾಗಿಯೇ ಬರೆಸುತ್ತೇವೆ.

ಒಳ್ಳೆಯದೇ ಆಯಿತು. 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ 2007ರ ಸಲಹೆಯನ್ನು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ವ್ಯಾಯಾಮವನ್ನು ಈ ರೋಗಿಗಳಿಗೆ ಕೊಡಕೂಡದೆಂದು ಬರೆಯಿತು. ಕಾಕ್ರನ್ನಿನ ಹೊಸ ಸಮೀಕ್ಷೆ ಮಾತ್ರ ಬರಲಿಲ್ಲ. ಐದು ವರ್ಷ ಕಾಯಿಸಿ, 2024ರ ಡಿಸೆಂಬರಿನಲ್ಲಿ, ಹೊಸ ಸಂಶೋಧನೆ ಸಾಲದು, ನಮಗೆ ಶಕ್ತಿಯೂ ಸಾಲದು ಎಂದು ಸಂಸ್ಥೆ ಕೈಚೆಲ್ಲಿತು. ಆ ಸಂಗತಿಯನ್ನು ತಿಳಿಸುವ ಟಿಪ್ಪಣಿಯೊಂದನ್ನು ಹಳೆಯ ಸಮೀಕ್ಷೆಗೆ ಅಂಟಿಸಿತು. ಟಿಪ್ಪಣಿ ಸೇರಿದ್ದರಿಂದ ಅದು ಹೊಸ ಆವೃತ್ತಿಯೆನಿಸಿತು. ಹೊಸ ಆವೃತ್ತಿಯಾದ್ದರಿಂದ 2024ರ ತಾರೀಖು ಬಿತ್ತು. ಒಳಗಿನ ಪ್ರಯೋಗಗಳನ್ನು ಹುಡುಕಿದ್ದು 2014ರ ಮೇ ತಿಂಗಳವರೆಗೆ ಮಾತ್ರ!

ಹೋದ ವರ್ಷದ ಪಂಚಾಂಗಕ್ಕೆ ಈ ವರ್ಷದ ರಟ್ಟು ಹಾಕಿ ಮಾರುವವನನ್ನು ನಾವು ಏನೆಂದು ಕರೆಯುತ್ತೇವೆ? ಔಷಧದ ಸೀಸೆಯ ಮೇಲೆ ತಾರೀಖು ಬದಲಾಯಿಸಿದ ಅಂಗಡಿಯವನನ್ನು ಪೋಲೀಸರು ಹಿಡಿಯುತ್ತಾರೆ. ಸಂಸ್ಥೆಗೆ ದುರುದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಅದರ ನಿಯಮವೇ ಹಾಗಿರಬಹುದು. ಆದರೆ ಅವಸರದಲ್ಲಿ ಪುಟ ತಿರುವುವ ವೈದ್ಯನಿಗೆ ಕಾಣುವುದು ನಿಯಮವಲ್ಲ, ಇಸವಿ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಬರೆದದ್ದನ್ನು ಅಳಿಸಿಹಾಕುವುದಕ್ಕಿಂತ ಟಿಪ್ಪಣಿ ಸೇರಿಸುವುದು ಪ್ರಾಮಾಣಿಕವಲ್ಲವೇ ಎನ್ನುತ್ತಾರೆ. ಹೌದು. ಗದ್ದಲವೆದ್ದಾಗಲೆಲ್ಲ ಸಂಪಾದಕರು ಸಂಶೋಧಕರ ತೀರ್ಮಾನವನ್ನು ಹಿಂದೆಗೆದರೆ ವಿಜ್ಞಾನ ಉಳಿಯುವುದೇ ಎಂದೂ ಕೇಳುತ್ತಾರೆ. ಅದೂ ನ್ಯಾಯವೇ. ಗದ್ದಲದ ಬಲದಿಂದ ಸತ್ಯ ನಿರ್ಣಯವಾಗಕೂಡದು. ಆದರೆ ಇಲ್ಲಿ ಸಮೀಕ್ಷೆ ಹಳತಾಯಿತೆಂದು ಹೇಳಿದವರು ಬೀದಿಯ ಜನರಲ್ಲ, ಪ್ರಧಾನ ಸಂಪಾದಕರೇ. ನ್ಯಾಯಾಧೀಶರೇ ಮರುವಿಚಾರಣೆ ಬೇಕೆಂದು ಬರೆದು, ಆಮೇಲೆ ಪುರಸತ್ತಿಲ್ಲವೆಂದು ಹಳೆಯ ತೀರ್ಪಿಗೇ ಹೊಸ ಮೊಹರು ಒತ್ತಿದರೆ, ಕಕ್ಷಿಗಾರ ಯಾರನ್ನು ಕೇಳಬೇಕು?

ಟಿಪ್ಪಣಿಗೆ ನನ್ನ ವಿರೋಧವಿಲ್ಲ. ನಿರ್ಣಯದ ಜಾಗದಲ್ಲಿ ಟಿಪ್ಪಣಿಯನ್ನು ಕೂರಿಸುವುದಕ್ಕೆ ವಿರೋಧ. ಟಿಪ್ಪಣಿ ಬರೆಯುವವರು ಯಾವ ಮಾತಿನಲ್ಲಿ ಸಂಶಯವೆಂದು ಬಿಡಿಸಿ ಹೇಳಲಿ. ಕೆಳಗೆ ಹೆಸರು ಹಾಕಲಿ. ಸಾರಾಂಶದ ಮೊದಲ ಸಾಲಿನಲ್ಲೇ ಅದು ಕಾಣಲಿ. ಟಿಪ್ಪಣಿಯ ತಾರೀಖು ಟಿಪ್ಪಣಿಗೆ, ಸಮೀಕ್ಷೆಯ ತಾರೀಖು ಸಮೀಕ್ಷೆಗೆ ಇರಲಿ. ಇಷ್ಟು ದಿನದೊಳಗೆ ಇತ್ಯರ್ಥ ಎಂದು ಗಡುವು ಬರೆಯಲಿ. ಗಡುವು ಮೀರಿದರೆ, ನಮ್ಮ ಎಂದಿನ ತೀರ್ಮಾನ ಇದೇ ಎಂದು ಎದೆ ತಟ್ಟಿ ಹೇಳಲಿ, ಇಲ್ಲವೇ ಹಿಂದಕ್ಕೆ ಪಡೆಯಲಿ.

ಇದಾವುದೂ ದೊಡ್ಡ ವಿದ್ಯೆಯಲ್ಲ. ತಪ್ಪು-ಒಪ್ಪು ಹಾಳೆಯನ್ನು ಜೋಡಿಸುತ್ತಿದ್ದ ನಮ್ಮೂರ ಮುದ್ರಣಾಲಯದ ಮೊಳೆ ಜೋಡಿಸುವವನಿಗೂ ತಿಳಿದಿತ್ತು. ಅವನ ತಪ್ಪಿನಿಂದ ಕೆಡುತ್ತಿದ್ದುದು ಒಂದು ಪದ. ಇಲ್ಲಿ ಹಾಸಿಗೆಯ ಮೇಲೆ ಮಲಗಿರುವುದು ಒಂದು ಜೀವ.