ಸಂಜೆಗೆ ಮನೆ ಸೇರುವ ಬೆಟ್ಟ

"ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಿಕೊಳ್ಳುವಂಥ ಬೆಟ್ಟ ಯಾವುದಾದರೂ ಇದ್ದರೆ ಹೇಳ್ರೀ, ನಾನೂ ಬರ್ತೀನಿ."

ಸುಮಾರು ಮೂವತ್ತು ವರ್ಷಗಳಿಂದ ಈ ಮಾತನ್ನು ಕೇಳುತ್ತಾ ಬಂದಿದ್ದೇನೆ. ಬ್ಯಾಂಕಿನ ಪಕ್ಕದ ಕೌಂಟರಿನಾಕೆ ಹೇಳಿದ್ದಾಳೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಹೇಳಿದ್ದಾರೆ, ಹಲ್ಲಿನ ಡಾಕ್ಟರರ ಮುಂದೆ ಬಾಯಿ ತೆರೆದು ಕೂತಿದ್ದಾಗ ಅವರ ಸಹಾಯಕಿಯೂ ಹೇಳಿದ್ದಾಳೆ. ಬೆನ್ನಿಗೆ ಚೀಲ ಹೊತ್ತು ಬೆಟ್ಟ ಹತ್ತಿ, ಒಂದೆರಡು ರಾತ್ರಿ ಅಲ್ಲೇ ಮಲಗಿ ಬರುವ ಹುಚ್ಚು ನನಗಿದೆ ಎಂಬುದು ಹಾಸನದಂಥ ಊರಿನಲ್ಲಿ ಗುಟ್ಟಾಗಿ ಉಳಿಯುವಂಥದ್ದಲ್ಲ. ಕೇಳುವವರೆಲ್ಲ ಒಳ್ಳೆಯವರೇ. ಆಸೆಯೂ ನಿಜವೇ. ಆದರೆ ಆ 'ಸಂಜೆಗೆ' ಎಂಬ ಮೂರಕ್ಷರದ ಮೇಲೆ ನನಗೆ ತುಂಬಾ ಸಿಟ್ಟಿದೆ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ವಯಸ್ಸಾಯಿತು, ಜಗಳವಾಡುತ್ತೇನೆ.

ಸಂಜೆಗೆ ಮನೆ ಸೇರುವ ಬೆಟ್ಟದ ಲೆಕ್ಕವನ್ನು ಸ್ವಲ್ಪ ಹಾಕಿ ನೋಡಿ. ಆಕೆ ಮೂರೂವರೆಗೆ ಏಳುತ್ತಾಳೆ. ಮನೆಯವರಿಗೆ ತಿಂಡಿ, ಮಧ್ಯಾಹ್ನಕ್ಕೆ ಸಾರು, ಮಾವನವರಿಗೆ ಖಾರವಿಲ್ಲದ ಪಲ್ಯ ಬೇರೆ. ಅದರ ಜೊತೆಗೆ ಬೆಟ್ಟಕ್ಕೆ ಬರುವವರಿಗೆಲ್ಲ ಚಿತ್ರಾನ್ನ. ಹಾಲಿನವನಿಗೆ ಚೀಟಿ, ಗ್ಯಾಸಿನವನಿಗೆ ದುಡ್ಡು. ಬಸ್ಸಿನಲ್ಲಿ ತೂಕಡಿಕೆ. ಬೆಟ್ಟದ ಮೇಲೆ ಎರಡು ಗಂಟೆ ನಿಂತಳೋ ಇಲ್ಲವೋ, ಕೈಗಡಿಯಾರ ನೋಡಿಕೊಳ್ಳುವುದು ಶುರು. ರಾತ್ರಿ ಎಂಟಕ್ಕೆ ಮನೆಗೆ ಬಂದವಳು ಕಾಲು ತೊಳೆದು ಕುಕ್ಕರ್ ಇಡುತ್ತಾಳೆ. ಇವಳು ಬೆಟ್ಟಕ್ಕೆ ಹೋಗಿದ್ದಳೇ? ಅಡುಗೆಮನೆಯನ್ನೇ ಗಾಳಿಸವಾರಿಗೆ ಕರೆದುಕೊಂಡು ಹೋಗಿ ಬಂದಳು, ಅಷ್ಟೆ.

ಅದಕ್ಕೇ ನನ್ನ ಹಟ ಒಂದೇ: ಒಂದು ರಾತ್ರಿ ಬೇಕು. ಯಾಕೆಂದರೆ ಆ ರಾತ್ರಿ ನಿಮ್ಮ ಮನೆಯ ಒಲೆಯನ್ನು ಬೇರೆ ಯಾರಾದರೂ ಹಚ್ಚಲೇಬೇಕಾಗುತ್ತದೆ. ಹಗಲಿನಲ್ಲಿ ಎಷ್ಟು ದೂರ ಹೋದರೂ ಇದು ಆಗುವುದಿಲ್ಲ.

ರಾತ್ರಿ ಎಂದ ಕೂಡಲೇ ಎದುರಿನವರ ಮುಖ ಬದಲಾಗುತ್ತದೆ. "ಹೆಂಗಸರು ಕಾಡಿನಲ್ಲಿ ರಾತ್ರಿ ಇರೋದಾ?" ಎನ್ನುತ್ತಾರೆ. ಹಾಗಾದರೆ ದೀಪಾವಳಿಯ ನರಕ ಚತುರ್ದಶಿಗೆ ಚಿಕ್ಕಮಗಳೂರಿನ ಹತ್ತಿರ ಬಿಂಡಿಗದ ದೇವೀರಮ್ಮನ ಬೆಟ್ಟಕ್ಕೆ ಹೋಗಿ ನೋಡಿ. ವರ್ಷಕ್ಕೊಮ್ಮೆ ಹತ್ತುವ ಆ ಬೆಟ್ಟವನ್ನು ರಾತ್ರಿಯಿಂದಲೇ ಹತ್ತುವವರಲ್ಲಿ ಹೆಂಗಸರು ಎಷ್ಟು ಮಂದಿ! ಸೀರೆಯುಟ್ಟು, ಬರಿಗಾಲಿನಲ್ಲಿ, ಜಾರುವ ಕಡಿದಾದ ದಾರಿಯಲ್ಲಿ, ಕೈಯಲ್ಲೊಂದು ಟಾರ್ಚು. ಶಿವರಾತ್ರಿಗೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವವರಲ್ಲಿ ಹೆಂಗಸರಿಲ್ಲವೇ? ದಾರಿಬದಿಯ ಚಪ್ಪರದಲ್ಲಿ ಮಲಗುವುದಿಲ್ಲವೇ? ಅಕ್ಕ ಮಹಾದೇವಿ ಶ್ರೀಶೈಲಕ್ಕೆ ನಡೆದದ್ದನ್ನು ನಮ್ಮ ಮಕ್ಕಳಿಗೆ ಪಾಠದಲ್ಲಿ ಇಟ್ಟಿದ್ದೇವೆ. ಹರಕೆ ಹೊತ್ತರೆ ರಾತ್ರಿ ಸರಿ, ಕಾಡೂ ಸರಿ, ಬರಿಗಾಲೂ ಸರಿ. ಇಷ್ಟ ಎಂದು ಹೊರಟರೆ ಮಾತ್ರ ಹಾವು, ಹುಲಿ, ಮಂಡಿನೋವು ಎಲ್ಲ ನೆನಪಾಗುತ್ತವೆ. ಭಯ ರಾತ್ರಿಯದೇ ಆಗಿದ್ದರೆ ಹರಕೆಯವಳಿಗೂ ಬೇಡ ಎನ್ನಬೇಕಿತ್ತು.

ಹಾಗೆಂದು ಎಲ್ಲ ತಪ್ಪನ್ನೂ ಮನೆಯವರ ಮೇಲೆ ಹೊರಿಸಲಾರೆ. ಕರೆದುಕೊಂಡು ಹೋಗುವವರ ತಪ್ಪೂ ಇದೆ, ಅದರಲ್ಲಿ ನನ್ನದೂ ಇದೆ. ಹೇಳಿಬಿಡುತ್ತೇನೆ.

1997ರ ಜನವರಿಯಲ್ಲಿ ಗಣರಾಜ್ಯೋತ್ಸವ ಭಾನುವಾರ ಬಿದ್ದಿತ್ತು. ಶನಿವಾರ ಬೆಳಗಿನ ಬಸ್ಸಿಗೆ ನಾಲ್ವರು ಗೆಳತಿಯರನ್ನು ಹೊರಡಿಸಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದೆ, ಕುಮಾರಪರ್ವತ ಹತ್ತಲು. ಒಬ್ಬರು ಗಣಿತದ ಟೀಚರು, ಒಬ್ಬಾಕೆ ಹೊಲಿಗೆ ಅಂಗಡಿಯವಳು, ಇನ್ನೊಬ್ಬಳು ನನ್ನ ಓರಗಿತ್ತಿ, ನಾಲ್ಕನೆಯವರು ನಮ್ಮ ಬೀದಿಯ ಕೊನೆಯ ಮನೆಯವರು. ಅದಕ್ಕೆ ಮುಂಚೆ ನಾನು ನನ್ನ ತಮ್ಮನ ಸ್ನೇಹಿತರ ಗುಂಪಿನೊಂದಿಗೆ ಎರಡು ಸಲ ಹತ್ತಿದ್ದೆ. ಎರಡು ಸಲ ಹತ್ತಿದವರಿಗೆ ಇರುವಷ್ಟು ಜಂಬ ಇಪ್ಪತ್ತು ಸಲ ಹತ್ತಿದವರಿಗೆ ಇರುವುದಿಲ್ಲ. ಎತ್ತರ 1712 ಮೀಟರ್ ಎಂದು ಬಸ್ಸಿನಲ್ಲಿ ಭಾಷಣ ಮಾಡಿದೆ. ಕುಕ್ಕೆಯೇ ತಗ್ಗಿನಲ್ಲಿರುವುದರಿಂದ ಹೆಚ್ಚುಕಡಿಮೆ ಅಷ್ಟೂ ಎತ್ತರವನ್ನು ಕಾಲಿನಲ್ಲೇ ಏರಬೇಕು, ತುದಿಗೆ ಸುಮಾರು ಹದಿಮೂರು ಕಿಲೋಮೀಟರ್ ಎಂದೆ. ಬೂಟು ಎಂಥದ್ದಿರಬೇಕು ಎಂದೂ ಹೇಳಿದೆ. ಹೇಳಬೇಕಾದ ಮುಖ್ಯ ಮಾತನ್ನು ಮಾತ್ರ ಹೇಳಲಿಲ್ಲ.

ಕುಕ್ಕೆಯಿಂದ ಗಿರಿಗದ್ದೆಯವರೆಗೆ ದಟ್ಟ ಕಾಡು, ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಏರುವ ದಾರಿ. ನೆರಳಿದ್ದರೂ ಸೆಕೆ, ಮೈಯೆಲ್ಲ ಬೆವರು. ಅರ್ಧ ದಾರಿಯಲ್ಲಿ ಗಣಿತದ ಟೀಚರ ಕಾಲಿನ ಮೀನಖಂಡ ಹಿಡಿದುಕೊಂಡಿತು. ತಲೆನೋವು, ಕಣ್ಣು ಕತ್ತಲೆ. ಕೂತರು. ಎದ್ದರು. ಮತ್ತೆ ಕೂತರು. ಅವರ ನೀರಿನ ಬಾಟಲಿ ನೋಡಿದರೆ ಮುಚ್ಚಳವನ್ನೇ ತೆಗೆದಿಲ್ಲ! ನನಗೆ ರೇಗಿತು. "ನೀರು ಕುಡೀರಿ ಅಂತ ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ ಹೇಳಬೇಕೇನ್ರೀ?" ಎಂದುಬಿಟ್ಟೆ, ಎಲ್ಲರ ಎದುರಿಗೇ. ಅವರು ಏನೂ ಹೇಳಲಿಲ್ಲ. ಎರಡು ಗುಟುಕು ಕುಡಿದರು. ಅವರ ಚೀಲವನ್ನು ನಾನೂ ಓರಗಿತ್ತಿಯೂ ಹಂಚಿಕೊಂಡು ಹೊತ್ತು ಗಿರಿಗದ್ದೆ ಸೇರುವಾಗ ಸೂರ್ಯ ಇಳಿದಿದ್ದ.

ರಾತ್ರಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಿಸಿ ಅನ್ನ ಸಾಂಬಾರು ಉಂಡು ಹೊರಗೆ ಕೂತಾಗ ಅವರಾಗಿಯೇ ಮೆಲ್ಲಗೆ ಹೇಳಿದರು. "ನಿನ್ನೆ ರಾತ್ರಿಯಿಂದಲೇ ನೀರು ಬಿಟ್ಟಿದ್ದೆ. ಬಸ್ಸಿನಲ್ಲಿ ಎಲ್ಲಿ ನಿಲ್ಲಿಸ್ತಾರೆ, ಕಾಡಿನಲ್ಲಿ ಎಲ್ಲಿಗೆ ಹೋಗೋದು, ಯಾರನ್ನ ಕೇಳೋದು? ಕುಡಿದರೆ ತಾನೇ ತೊಂದರೆ ಅಂತ."

ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದ ಹೆಂಗಸು. ಶಾಲೆಯಲ್ಲೂ ಹಾಗೇ ಬದುಕಿದ್ದರಂತೆ, ಬೆಳಗಿನ ಒಂದು ಲೋಟ ಕಾಫಿಯ ಮೇಲೆ ಸಂಜೆ ನಾಲ್ಕರವರೆಗೆ. ನನಗೆ ತಲೆಯೆತ್ತಲಾಗಲಿಲ್ಲ. ನಾನೂ ಮೊದಲ ಸಲ ಹೀಗೇ ಬಾಯಾರಿಕೊಂಡು ಹತ್ತಿದ್ದೆ. ನನಗೆ ಕಲಿಸಿದ ಹುಡುಗರು ಇದನ್ನು ಹೇಳಲಿಲ್ಲ, ಅವರಿಗದು ಪ್ರಶ್ನೆಯೇ ಆಗಿರಲಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ? ಸಂಕೋಚಕ್ಕೆ ನುಂಗಿಕೊಂಡಿದ್ದೆ. ನನ್ನ ಸಂಕೋಚಕ್ಕೆ ಅವರು ದಂಡ ಕಟ್ಟಿದರು.

ಆಗಿನಿಂದ ಹೊಸಬರನ್ನು ಕರೆದುಕೊಂಡು ಹೊರಡುವ ಮುಂಚೆ ನಾನು ಆಡುವ ಮೊದಲ ಮಾತೇ ಇದು, ಬೂಟಿನ ಮಾತೆಲ್ಲ ಆಮೇಲೆ. ಗಂಟೆಗೊಮ್ಮೆ ನಿಲ್ಲುತ್ತೇವೆ, ಇಬ್ಬಿಬ್ಬರಾಗಿ ಹೋಗುತ್ತೇವೆ, ಒಬ್ಬಳು ಕಾವಲು. ನೀರಿನ ಸೆಲೆಯಿಂದ ಅರವತ್ತು ಮೀಟರಾದರೂ ದೂರ. ಬೆಳಗಿನ ಕೆಲಸಕ್ಕೆ ಒಂದು ಸಣ್ಣ ಕೈಗುದ್ದಲಿ, ಗೇಣು ಆಳದ ಗುಂಡಿ, ಮೇಲೆ ಮಣ್ಣು. ಮುಟ್ಟಿನ ದಿನ ಬಂದರೆ ಬೆಟ್ಟ ಮುನಿಯುವುದಿಲ್ಲ. ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಊರಿಗೇ ವಾಪಸು ತನ್ನಿ, ಕಾಡಿನಲ್ಲಿ ಹೂಳಬೇಡಿ, ಪ್ರಾಣಿ ಕೆದಕುತ್ತದೆ. ಇಷ್ಟು ಹೇಳಲು ಐದು ನಿಮಿಷ ಸಾಕು. ಈ ಐದು ನಿಮಿಷ ಸಿಗದೆ ಎಷ್ಟು ಹೆಂಗಸರು "ನನಗೆ ಬೆಟ್ಟ ಆಗಿಬರಲ್ಲ" ಎಂದುಕೊಂಡು ಮನೆಯಲ್ಲೇ ಉಳಿದಿದ್ದಾರೋ. ಬೆಟ್ಟ ಆಗಿಬರದ್ದಲ್ಲ, ನೀರಿಲ್ಲದೆ ಹತ್ತಿದ್ದು ಆಗಿಬರಲಿಲ್ಲ.

ಎರಡನೆಯ ಜಗಳ ಚೀಲದ್ದು. ಹೆಂಗಸರಿಗೆ ಹೊರೆ ಹೊರಲಾಗದು ಎಂದು ಯಾರೋ ಹೇಳಿಬಿಟ್ಟಿದ್ದಾರೆ. ಸೊಂಟದ ಮೇಲೆ ತುಂಬಿದ ಕೊಡ, ತಲೆಯ ಮೇಲೆ ಇನ್ನೊಂದು ಹೊತ್ತು ನಡೆದವರ ಮೊಮ್ಮಕ್ಕಳಿಗೆ ಈ ಮಾತು! ಒಳ್ಳೆಯ ಬೆನ್ನುಚೀಲಕ್ಕೆ ಸೊಂಟದ ಪಟ್ಟಿ ಇರುವುದೇ ಅದಕ್ಕೆ. ಬಿಗಿಯಾಗಿ ಕಟ್ಟಿಕೊಂಡರೆ ಭಾರ ಹೆಗಲಿನಿಂದ ಇಳಿದು ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಭಾರವಾದದ್ದು ಬೆನ್ನಿಗೆ ಅಂಟಿದಂತೆ ನಡುವಿನಲ್ಲಿ, ಹಗುರವಾದದ್ದು ಕೆಳಗೆ. ಒಂದು ರಾತ್ರಿಗೆ ಏಳೆಂಟು ಕಿಲೋ ಧಾರಾಳ ಸಾಕು. ನಮ್ಮವರು ಹೊರುವುದು ಹದಿನಾಲ್ಕು. ಅದರಲ್ಲಿ ತಮಗೆಂದು ಇಟ್ಟುಕೊಂಡದ್ದು ಮೂರು, ಉಳಿದದ್ದು ಯಾರಿಗಾದರೂ ಬೇಕಾದೀತು ಎಂದು. ಅಂದು ನಮ್ಮ ಬೀದಿಯ ಕೊನೆಯ ಮನೆಯವರ ಚೀಲದಿಂದ ನಾಲ್ಕು ಸ್ಟೀಲ್ ಡಬ್ಬಗಳು ಹೊರಬಂದವು. ಚಕ್ಕುಲಿ, ಕೋಡುಬಳೆ, ಹುಣಸೆ ಗೊಜ್ಜು, ಮತ್ತೊಂದು ಖಾಲಿ ಡಬ್ಬ. ಖಾಲಿ ಯಾಕೆ ಎಂದರೆ "ಏನಾದರೂ ಉಳಿದರೆ ಹಾಕೋಕೆ" ಎಂದರು. ಕೋಡುಬಳೆ ಮಾತ್ರ ಚೆನ್ನಾಗಿತ್ತು, ಆ ಡಬ್ಬವನ್ನು ನಾನು ಕ್ಷಮಿಸಿದ್ದೇನೆ. ಬಿಡಬಾರದ ವಸ್ತುವೊಂದನ್ನು ನಾವೆಲ್ಲ ಬಿಟ್ಟು ಹೋಗಿದ್ದೆವು: ಕೆಳಗೆ ಹಾಸುವ ಫೋಮಿನ ಚಾಪೆ. ಮೇಲೆ ಎಷ್ಟು ಕಂಬಳಿ ಹೊದ್ದರೂ ಕೆಳಗಿನ ನೆಲ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಬೆವರಿಗೆ ನೆಂದ ಹತ್ತಿಯ ಬಟ್ಟೆಯನ್ನೇ ತೊಟ್ಟು ಮಲಗಿದರಂತೂ ಮುಗಿಯಿತು, ಅದಕ್ಕೊಂದು ಒಣ ಜೊತೆ ಬೇರೆ ಇರಬೇಕು.

ಅಂದು ರಾತ್ರಿ ಇನ್ನೊಂದು ನಡೆಯಿತು. ಎಂಟು ಗಂಟೆಯಾಗಿರಬಹುದು. ಹೊಲಿಗೆ ಅಂಗಡಿಯವಳು, "ಈಗ ಮನೆಯಲ್ಲಿ ಏನು ಮಾಡ್ತಿರ್ತಾರೋ" ಎಂದಳು. ಯಾರೂ ಉತ್ತರಿಸಲಿಲ್ಲ. ಆಗ ಮೊಬೈಲ್ ಎಲ್ಲಿತ್ತು? ಒಂಬತ್ತಾಯಿತು. ಚಳಿ ಏರಿತು, ಎದುರಿನ ಗುಡ್ಡದ ಗೆರೆ ಕತ್ತಲಲ್ಲಿ ಕರಗಿತು. ಅವಳು ಇದ್ದಕ್ಕಿದ್ದಂತೆ ನಗತೊಡಗಿದಳು. "ಏನೋ ಮಾಡ್ಕೊಂಡು ತಿಂದಿರ್ತಾರೆ. ಇಲ್ಲದಿದ್ದರೂ ಈಗ ನಾನು ಏನು ಮಾಡೋಕಾಗುತ್ತೆ?" ಎಂದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮದುವೆಯಾಗಿ ಹದಿನಾರು ವರ್ಷವಾಗಿತ್ತಂತೆ. ಹೆರಿಗೆ, ಸಾವು, ಮದುವೆ ಬಿಟ್ಟರೆ ಒಂದು ರಾತ್ರಿಯೂ ಹೊರಗೆ ಮಲಗಿದವಳಲ್ಲ.

ಮರುದಿನ ಗಿರಿಗದ್ದೆಯ ಮೇಲಿನ ಹುಲ್ಲುಗಾವಲಿನಲ್ಲಿ, ನೆರಳಿಲ್ಲದ ದಾರಿಯಲ್ಲಿ, ಕಲ್ಲುಮಂಟಪದವರೆಗೆ ಹೋಗಿ ಅಲ್ಲಿಂದಲೇ ತಿರುಗಿದೆವು. ಶೇಷಪರ್ವತ ಎದುರಿಗೇ ಕಾಣುತ್ತಿತ್ತು. ತುದಿ ಮುಟ್ಟದೆ ಬಂದೆವೆಂದು ನನ್ನ ತಮ್ಮ ಇಂದಿಗೂ ಹಾಸ್ಯ ಮಾಡುತ್ತಾನೆ. ಮಾಡಲಿ. ಹೊಸಬರನ್ನು ಮೊದಲ ಸಲವೇ ತುದಿಗೆ ಅಟ್ಟಿ, ಸುಸ್ತಾದವರನ್ನು ನೋಡಿ ನಕ್ಕು, ಅವರು ಮತ್ತೆಂದೂ ಬಾರದ ಹಾಗೆ ಮಾಡುವ ಶೂರರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಬೆಟ್ಟ ಬೇಕಿರುವುದಿಲ್ಲ, ಸೋಲುವವರು ಬೇಕಿರುತ್ತಾರೆ.

ಈಗ ಕಾಲ ಬೇರೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಜಂಗುಳಿಯ ಚಿತ್ರಗಳನ್ನು ನೀವೂ ನೋಡಿರಬಹುದು. ಆಮೇಲೆ ಸರ್ಕಾರ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ತಡೆಯಿತು. ಉತ್ತರಾಖಂಡದ ಹೈಕೋರ್ಟು 2018ರಲ್ಲೇ ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತ್ತು. ನಾನು ಇದನ್ನು ವಿರೋಧಿಸುವವಳಲ್ಲ. ಕಂಡಕಂಡಲ್ಲಿ ಟೆಂಟು ಹೂಡಿ, ಬೆಂಕಿ ಹಾಕಿ, ಬಾಟಲಿ ಒಡೆದು ಬಂದವರಿಂದಲೇ ಈ ಬೀಗ ಬಿದ್ದದ್ದು. ಎಲ್ಲಿ ತಂಗಬಹುದು, ಎಲ್ಲಿ ಬಾರದು ಎಂದು ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಹೊರಡಿ. ಕುದುರೆಮುಖ ಹತ್ತುವವರು ಬುಡದ ಹಳ್ಳಿಯ ಮನೆಗಳಲ್ಲಿ ಉಳಿಯುತ್ತಾರೆ, ಅದೂ ರಾತ್ರಿಯೇ. ಟೆಂಟೇ ಬೇಕೆಂದರೆ ಹಿಮಾಲಯವಿದೆ. 2008ರ ಮೇ ತಿಂಗಳಲ್ಲಿ ನಾನೂ ಆ ಗಣಿತದ ಟೀಚರೂ ಯೂತ್ ಹಾಸ್ಟೆಲ್ಸ್ ಸಂಸ್ಥೆಯ ತಂಡದೊಂದಿಗೆ ಹಿಮಾಚಲದ ಕಸೋಲ್‌ನಿಂದ ಹೊರಟು, ನಮ್ಮ ಚೀಲ ನಾವೇ ಹೊತ್ತು, ಹದಿಮೂರು ಸಾವಿರ ಅಡಿ ಮೀರಿದ ಸರ್ ಪಾಸ್ ದಾಟಿದೆವು. ಹಿಮದ ಮೇಲೆ ಕೂತು ಜಾರುವ ಕಡೆ ಅವರು ನನಗಿಂತ ಮುಂದೆ ಇದ್ದರು. ನೀರಿನ ಬಾಟಲಿ ಖಾಲಿಯಾಗಿತ್ತು, ಅದನ್ನು ನನಗೆ ತಿರುವಿ ತೋರಿಸಿದರು.

"ವಯಸ್ಸಾಯಿತು" ಎನ್ನುವವರಿಗೊಂದು ಮಾತು. 1984ರಲ್ಲಿ ಎವರೆಸ್ಟ್ ಹತ್ತಿದ ಬಚೇಂದ್ರಿ ಪಾಲ್ 2022ರಲ್ಲಿ ಐವತ್ತು ದಾಟಿದ ಹೆಂಗಸರ ತಂಡವೊಂದನ್ನು ಕಟ್ಟಿಕೊಂಡು ಅರುಣಾಚಲದಿಂದ ಲಡಾಖ್‌ವರೆಗೆ ತಿಂಗಳುಗಟ್ಟಲೆ ಹಿಮಾಲಯದ ಉದ್ದಕ್ಕೂ ನಡೆದರು. ನಾನು ಕೇಳುತ್ತಿರುವುದು ಒಂದೇ ರಾತ್ರಿ.

ಒಂದು ಭಯವನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ. ಹೆಂಗಸರಿಗೆ ಕಾಡಿನಲ್ಲಿ ಆನೆಗಿಂತ ಹೆಚ್ಚಿನ ಹೆದರಿಕೆ ಕುಡಿದು ಕೂಗುವ ಗಂಡಸರ ಗುಂಪಿನದು. ಹಾಗಾಗಿ ಐದಾರು ಜನ ಸೇರಿ ಹೋಗಿ, ಊರಿನವರನ್ನೇ ದಾರಿ ತೋರಿಸಲು ಕರೆದುಕೊಳ್ಳಿ, ಎಲ್ಲಿರುತ್ತೇವೆಂದು ಒಬ್ಬರಿಗೆ ಬರೆದುಕೊಟ್ಟು ಹೋಗಿ. ಆದರೆ ಅವರ ಕುಡಿತಕ್ಕೆ ನಮ್ಮನ್ನು ಮನೆಯಲ್ಲಿ ಕೂರಿಸುವ ನ್ಯಾಯ ನನಗೆ ಒಪ್ಪಿಗೆಯಿಲ್ಲ.

ಮೊಬೈಲಿನ ಬಗ್ಗೆಯೂ ಹೇಳಬೇಕು. ಮೂರು ವರ್ಷದ ಹಿಂದೆ ನನ್ನೊಂದಿಗೆ ಬಂದಿದ್ದ ಹುಡುಗಿಯೊಬ್ಬಳಿಗೆ ಗುಡ್ಡದ ಅಂಚಿನಲ್ಲಿ ಸಿಗ್ನಲ್ ಸಿಕ್ಕಿತು. ಮೂರು ನಿಮಿಷದಲ್ಲಿ ಮನೆಯಿಂದ ಫೋನು: ಸಕ್ಕರೆ ಡಬ್ಬ ಎಲ್ಲಿದೆ? ಮೂವತ್ತೆಂಟು ವರ್ಷದ ಗಂಡಸು, ಅಡುಗೆಮನೆಯಲ್ಲಿ ನಿಂತು ಬೆಟ್ಟದ ಮೇಲಿರುವವಳನ್ನು ಕೇಳುತ್ತಾನೆ. ಅವಳೂ ಹೇಳಿದಳಲ್ಲ! ಎರಡನೇ ಸಾಲು, ನೀಲಿ ಮುಚ್ಚಳ, ಎಂದು.

ಹೋದ ವಾರ ಹೊಲಿಗೆ ಅಂಗಡಿಯವಳ ಫೋನು ಬಂದಿತ್ತು. ಸೊಸೆ ಗೆಳತಿಯರ ಜೊತೆ ಬೆಟ್ಟಕ್ಕೆ ಹೊರಟಿದ್ದಾಳಂತೆ, ಒಂದು ರಾತ್ರಿ ತಂಗಿ ಬರಲು. ಮಗ, "ಸಂಜೆಗೆ ವಾಪಸ್ ಬರೋ ಥರ ನೋಡಿಕೊಳ್ಳಿ" ಎಂದನಂತೆ. ಚೀಲದಲ್ಲಿ ಏನೇನಿರಬೇಕು ಎಂದು ಕೇಳಿ ಬರೆದುಕೊಂಡಳು. ಫೋಮಿನ ಚಾಪೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಮಗನಿಗೆ ಏನು ಹೇಳಿದೆ ಎಂದರೆ, "ಇರಿ, ಅಕ್ಕಿ ಡಬ್ಬ ತೋರಿಸ್ತಾ ಇದ್ದೀನಿ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟಳು.