ಹಿಜ್ರಿ 1441 ಕಲಿಸಿದ ಕೃತಜ್ಞತೆ

2020ರ ಆಗಸ್ಟ್‌ನಲ್ಲಿ ಮುಹರ್ರಮ್ ಚಂದ್ರದರ್ಶನದೊಂದಿಗೆ ಹಿಜ್ರಿ 1442 ಆರಂಭವಾಯಿತು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಮುಹರ್ರಮ್ ಎಂದೊಡನೆ ಜನರ ನೆನಪಿಗೆ ಬರುವುದು ಅಲಾಯಿ ಕುಣಿ, ಹೆಜ್ಜೆ ಮೇಳ, ಮೆರವಣಿಗೆ. ಆ ಬಾರಿ ಸೋಂಕಿನ ಕಾರಣ ಮೆರವಣಿಗೆಗಳಿಗೆ ಅವಕಾಶವಿರಲಿಲ್ಲ; ಓಣಿಗಳು ಮೌನವಾಗಿದ್ದವು. ಮುಹರ್ರಮ್ ವರ್ಷದ ಮೊದಲ ತಿಂಗಳು, ಕಳೆದುದರ ಲೆಕ್ಕ ನೋಡಿ ಮುಂದಿನದಕ್ಕೆ ನಿಯ್ಯತ್ ಕಟ್ಟಿಕೊಳ್ಳುವ ಹೊಸ್ತಿಲು ಎಂಬುದನ್ನು ನೆನೆಯಲು ಆ ಮೌನ ಒಳ್ಳೆಯ ಅವಕಾಶವಾಗಿತ್ತು.

ಅದರ ಹಿಂದಿನ ವರ್ಷದ ಲೆಕ್ಕ ಹಗುರವಾದುದಲ್ಲ. ಹಿಜ್ರಿ 1440ರ ಕೊನೆಯ ತಿಂಗಳಲ್ಲಿ, ಅಂದರೆ 2019ರ ಆಗಸ್ಟ್‌ನಲ್ಲಿ, ಪಶ್ಚಿಮ ಘಟ್ಟಗಳ ಮಳೆನೀರು ಕೃಷ್ಣೆಯ ಮೂಲಕ ಜಮಖಂಡಿ ಮತ್ತು ರಬಕವಿ-ಬನಹಟ್ಟಿಯನ್ನು, ಘಟಪ್ರಭೆಯ ಮೂಲಕ ಮುಧೋಳವನ್ನು ಮುಟ್ಟಿತು. ಬೀಳಗಿಯನ್ನು ಎರಡೂ ನದಿಗಳು ಸುತ್ತಿದವು. ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟ ದಿನಗಳವು. ಮುತ್ತೂರು, ತುಬಚಿ, ಶೂರ್ಪಾಲಿ, ಅಸಂಗಿ, ತಮದಡ್ಡಿ, ಢವಳೇಶ್ವರ, ನಂದಗಾಂವಗಳ ಹೆಸರು ನಾಡಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಹೀಗೆ. ಆಗಸ್ಟ್ 12ರ ಬಕ್ರೀದ್ ಹಬ್ಬವನ್ನು ಎಷ್ಟೋ ಕುಟುಂಬಗಳು ಶಾಲೆಯ ಕೊಠಡಿಯಲ್ಲಿ, ನೆಂಟರ ಪಡಸಾಲೆಯಲ್ಲಿ ಕಳೆದವು. ಕಬ್ಬು ನೀರಿನಲ್ಲೇ ಕೊಳೆಯಿತು, ದನಕರುಗಳು ಹೋದವು, ಮಣ್ಣಿನ ಗೋಡೆಗಳು ಕುಸಿದವು. ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಮಳೆ ಬಂದು ಅರ್ಧ ಕಟ್ಟಿದ ಬದುಕನ್ನು ತೊಯಿಸಿತು.

ಅದರಿಂದ ಎದ್ದು ನಿಲ್ಲುವಷ್ಟರಲ್ಲಿ 2020ರ ಮಾರ್ಚ್ 25 ಬಂತು. ಲಾಕ್‌ಡೌನ್ ಘೋಷಣೆಯಾಗಿ ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದು ಅಡಗಿತು. ಮಹಾರಾಷ್ಟ್ರದ ಪೇಟೆಗಳು ಮುಚ್ಚಿದವು. ಮದುವೆಯ ಸುಗ್ಗಿಗೆಂದು ನೇಯ್ದ ಸೀರೆಗಳು ಮಡಿಕೆಯಲ್ಲೇ ಉಳಿದವು. ಮಸೀದಿಗಳ ಬಾಗಿಲು ಮುಚ್ಚಿತು. ರಮಝಾನ್‌ನ ತರಾವೀಹ್ ಮನೆಯೊಳಗೆ ನಡೆಯಿತು, ಈದ್ ನಮಾಝ್ ಈದ್ಗಾಹ್ ಕಾಣಲಿಲ್ಲ. ಹಜ್ಜ್ ಯಾತ್ರೆಗೆ ಹೆಸರು ಬಂದಿದ್ದವರಿಗೆ ಕಟ್ಟಿದ ಹಣ ಮರಳಿತು, ಯಾತ್ರೆ ಒದಗಲಿಲ್ಲ. ಹೊಸ ವರ್ಷ ಕಾಲಿಟ್ಟ 2020ರ ಆಗಸ್ಟ್‌ನಲ್ಲಿಯೂ ನದಿಗಳು ತುಂಬಿ ಹರಿದವು.

ಇಂತಹ ವರ್ಷವನ್ನು ಮುಂದಿಟ್ಟುಕೊಂಡು ಕೃತಜ್ಞತೆಯ ಮಾತಾಡುವುದು ಹೇಗೆ? ಗೋಡೆ ಕಳೆದುಕೊಂಡವನಿಗೆ, ಮಗ್ಗ ನಿಂತವನಿಗೆ 'ಶುಕ್ರ್ ಮಾಡು' ಎಂದು ಹೇಳುವುದು ಸುಲಭ, ಕೇಳಿಸಿಕೊಳ್ಳುವುದು ಕಠಿಣ. ಆದುದರಿಂದ ಕೃತಜ್ಞತೆ ಏನಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅದು ಕಷ್ಟವನ್ನು ಕಷ್ಟವಲ್ಲವೆಂದು ನಟಿಸುವುದಲ್ಲ. ಭಯ, ಹಸಿವು, ಸೊತ್ತು-ಜೀವ-ಬೆಳೆಗಳ ನಷ್ಟದಿಂದ ಪರೀಕ್ಷಿಸಲ್ಪಡುವಿರಿ ಎಂದು ಪವಿತ್ರ ಕುರ್‌ಆನ್ (2:155) ಮುಂಚಿತವಾಗಿಯೇ ತಿಳಿಸಿದೆ. ನಷ್ಟವನ್ನು ನಷ್ಟವೆಂದೇ ಕರೆದಿದೆ. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣಲ್ಲಿ ನೀರು ಬಂದಿತ್ತು. ಕಣ್ಣೀರಿಗೂ ಕೃತಜ್ಞತೆಗೂ ವೈರವಿಲ್ಲ.

ನಾವು ಬಳಸುವ ಕಾಲಗಣನೆಯೇ ಈ ವಿಷಯದಲ್ಲಿ ಒಂದು ಪಾಠ. ಖಲೀಫಾ ಉಮರ್(ರ)ರ ಆಡಳಿತದಲ್ಲಿ ವರ್ಷಗಳನ್ನು ಎಲ್ಲಿಂದ ಎಣಿಸಬೇಕೆಂಬ ಸಮಾಲೋಚನೆ ನಡೆದಾಗ ಆಯ್ಕೆಯಾದದ್ದು ಪ್ರವಾದಿವರ್ಯರ(ಸ) ಜನನವಲ್ಲ, ಬದ್ರ್‌ನ ಜಯವೂ ಅಲ್ಲ, ಹಿಜ್ರತ್. ಮನೆ, ಪೇಟೆ, ಬಂಧುಬಳಗವನ್ನು ಬಿಟ್ಟು ಹೊರಟವರ ಪ್ರಯಾಣದಿಂದ ನಮ್ಮ ವರ್ಷದ ಎಣಿಕೆ ಆರಂಭವಾಗುತ್ತದೆ. ಗಂಟುಮೂಟೆ ಹೊತ್ತು ಪರಿಹಾರ ಕೇಂದ್ರದ ಕಡೆಗೆ ನಡೆದ ಕೃಷ್ಣಾ ತೀರದ ಕುಟುಂಬಕ್ಕೂ, ಆಲಮಟ್ಟಿಯ ಹಿನ್ನೀರಿಗಾಗಿ ಹುಟ್ಟಿದೂರು ಬಿಟ್ಟ ಹಿರಿಯರಿಗೂ ಈ ಎಣಿಕೆ ಅಪರಿಚಿತವಲ್ಲ.

ಹಿಜ್ರತ್‌ಗೆ ಸುಮಾರು ಮೂರು ವರ್ಷ ಮೊದಲು ಪ್ರವಾದಿವರ್ಯರ(ಸ) ಬದುಕಿನಲ್ಲಿ ಒಂದು ವರ್ಷ ಬಂದಿತ್ತು. ಚರಿತ್ರೆಕಾರರು ಅದನ್ನು 'ಆಮುಲ್ ಹುಝ್ನ್', ಅಂದರೆ ದುಃಖದ ವರ್ಷ ಎಂದು ಕರೆದಿದ್ದಾರೆ. ಪತ್ನಿ ಖದೀಜಾ(ರ) ತೀರಿಕೊಂಡರು, ರಕ್ಷಕರಾಗಿದ್ದ ದೊಡ್ಡಪ್ಪ ಅಬೂತಾಲಿಬ್ ತೀರಿಕೊಂಡರು. ಆಸರೆ ಅರಸಿ ತಾಯಿಫ್‌ಗೆ ಹೋದರೆ ಕಲ್ಲೆಸೆತ ಎದುರಾಯಿತು. ಮರಳಿ ಮಕ್ಕಾ ಪ್ರವೇಶಿಸಲು ಅಭಯ ನೀಡಿದವರು ಮುತ್‌ಇಮ್ ಬಿನ್ ಅದೀ; ಅವರು ಮುಸ್ಲಿಮರಾಗಿರಲಿಲ್ಲ. ತಮ್ಮ ಮಕ್ಕಳಿಗೆ ಆಯುಧ ಹಿಡಿಸಿ ನಿಲ್ಲಿಸಿ, ಪ್ರವಾದಿವರ್ಯರು(ಸ) ತಮ್ಮ ರಕ್ಷಣೆಯಲ್ಲಿದ್ದಾರೆಂದು ಸಾರಿದರು. ವರ್ಷಗಳು ಉರುಳಿದವು. ಬದ್ರ್ ಯುದ್ಧ ನಡೆದು ಕೈದಿಗಳು ಮುಂದೆ ನಿಂತಾಗ ಮುತ್‌ಇಮ್ ಬದುಕಿರಲಿಲ್ಲ. ಅವರು ಬದುಕಿದ್ದು ಈ ಕೈದಿಗಳ ಪರವಾಗಿ ಕೇಳಿದ್ದರೆ ಅವರಿಗಾಗಿ ಇವರೆಲ್ಲರನ್ನೂ ಬಿಟ್ಟುಬಿಡುತ್ತಿದ್ದೆ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ನುಡಿದುದನ್ನು ಸಹೀಹ್ ಬುಖಾರಿ ದಾಖಲಿಸಿದೆ. ದುಃಖದ ವರ್ಷದಲ್ಲಿ ದೊರೆತ ಒಂದು ಆಸರೆಯನ್ನು ಜಯದ ದಿನದಲ್ಲಿಯೂ ಅವರು ಮರೆಯಲಿಲ್ಲ. ಕೃತಜ್ಞತೆಯೆಂದರೆ ಇದು.

ಇದೇ ಮಾತನ್ನು 'ಅದ್ದುಹಾ' ಅಧ್ಯಾಯ ಇನ್ನಷ್ಟು ನಿಖರವಾಗಿ ಕಲಿಸುತ್ತದೆ. ಅಲ್ಲಿ ಅಲ್ಲಾಹನು ತನ್ನ ಸಂದೇಶವಾಹಕರಿಗೆ ಮೂರು ಸಂಗತಿಗಳನ್ನು ನೆನಪಿಸುತ್ತಾನೆ: ಅನಾಥರಾಗಿದ್ದಾಗ ಆಸರೆ ಕೊಟ್ಟದ್ದು, ದಾರಿ ಅರಸುತ್ತಿದ್ದಾಗ ದಾರಿ ತೋರಿದ್ದು, ಇಲ್ಲದಿದ್ದಾಗ ಸಂಪನ್ನಗೊಳಿಸಿದ್ದು. ಕೂಡಲೇ ಅನಾಥನನ್ನು ತುಳಿಯಬೇಡ, ಕೇಳಿ ಬಂದವನನ್ನು ಗದರಬೇಡ, ಪ್ರಭುವಿನ ಅನುಗ್ರಹವನ್ನು ಹೇಳುತ್ತಿರು ಎಂಬ ಆದೇಶಗಳು ಬರುತ್ತವೆ. ಪಡೆದ ಅನುಗ್ರಹ ಅಲ್ಲೇ ಹೊಣೆಯಾಗಿ ಮಾರ್ಪಡುತ್ತದೆ. ಆಸರೆ, ದಾರಿ, ಅನ್ನ – ಈ ಮೂರರ ಬೆಳಕಿನಲ್ಲಿ ನಮ್ಮ ಆ ವರ್ಷವನ್ನೂ ನೋಡೋಣ.

ಮೊದಲನೆಯದು ಆಸರೆ. ನೀರು ಏರಿದ ರಾತ್ರಿಗಳಲ್ಲಿ ಯಾರ ಮನೆಯ ಬಾಗಿಲು ತೆರೆಯಿತು, ಯಾರ ಟ್ರ್ಯಾಕ್ಟರ್ ಬಂತು, ಯಾರ ರೊಟ್ಟಿ ಬುತ್ತಿ ಬಂತು ಎಂಬುದನ್ನು ಪ್ರತಿ ಕುಟುಂಬವೂ ಬಲ್ಲದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿ ಕಳುಹಿಸಿದವರು ಉಣ್ಣುವವರ ಜಾತಿ-ಧರ್ಮ ಕೇಳಲಿಲ್ಲ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಆಶಯದ ಹದೀಸ್ ನಮಗೆ ಗೊತ್ತು. ಆ ಹೆಸರುಗಳನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಅವರ ಮನೆಯ ಸುಖದುಃಖಕ್ಕೆ ಮೊದಲು ಹೋಗಿ ನಿಲ್ಲಬೇಕು. ಇಷ್ಟರಲ್ಲೇ ಹೊಣೆ ಮುಗಿಯುವುದಿಲ್ಲ. ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ದಾಖಲೆಪತ್ರ ನೀರಲ್ಲಿ ಹೋದವರು, ಬಾಡಿಗೆಗೆ ಇದ್ದವರು, ಅರ್ಜಿ ಬರೆಯಲು ಬಾರದ ವಿಧವೆಯರು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುವುದು ಎಲ್ಲ ನೆರೆಯ ನಂತರವೂ ಕಾಣುವ ನೋಟ. ನದಿ ತೀರದ ಪ್ರತಿ ಜಮಾಅತ್ ಎರಡು ಕೆಲಸಗಳನ್ನು ನಿಯ್ಯತ್ ಮಾಡಲಿ: ಮಳೆಗಾಲಕ್ಕೆ ಮೊದಲೇ ಪ್ರತಿ ಮನೆಯ ಆಧಾರ್, ಪಡಿತರ ಚೀಟಿ, ಉತಾರಗಳ ನಕಲು ತೆಗೆದಿಡುವುದು; ಅರ್ಜಿ ಬರೆದುಕೊಡಲು ಓದಿದ ಇಬ್ಬರು ಯುವಕ-ಯುವತಿಯರನ್ನು ನೇಮಿಸುವುದು. ಈ ಸೇವೆ ಮಸೀದಿಯ ಸುತ್ತಲಿನ ಎಲ್ಲರಿಗೂ ದೊರೆಯಲಿ.

ಎರಡನೆಯದು ದಾರಿ. ಆ ವರ್ಷ ನೀರಿನಂತೆಯೇ ಸುಳ್ಳೂ ಮನೆಯೊಳಗೆ ನುಗ್ಗಿತು. ಏಪ್ರಿಲ್‌ನಲ್ಲಿ ಸೋಂಕಿಗೆ ಒಂದು ಸಮುದಾಯದ ಹೆಸರಿಡಲಾಯಿತು. ನಮ್ಮದೇ ಜಿಲ್ಲೆಯ ಕೃಷ್ಣಾ ತೀರದಲ್ಲಿ ಮೀನು ಹಿಡಿಯಲು ಹೋದ ಬಡವರನ್ನು ತಡೆದು ಅವಮಾನಿಸಿದ ದೃಶ್ಯಗಳನ್ನು ದೇಶವೇ ನೋಡಿತು. ಆ ನೋವು ಸುಳ್ಳಲ್ಲ, ಅದನ್ನು ಮರೆಮಾಚಬೇಕಾಗಿಯೂ ಇಲ್ಲ. ಆದರೆ ಲೆಕ್ಕ ಪೂರ್ಣವಾಗಿರಬೇಕು. ಒಬ್ಬಿಬ್ಬರ ತಪ್ಪಿಗೆ ಇಡೀ ಸಮುದಾಯವನ್ನು ದೂರಿದರೆ ಸುಮ್ಮನಿರುವುದಿಲ್ಲ ಎಂದು ಅದೇ ತಿಂಗಳು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಬಹಿರಂಗವಾಗಿ ಎಚ್ಚರಿಸಿದರು. ನ್ಯಾಯದ ಮಾತು ಯಾರ ಬಾಯಿಂದ ಬಂದರೂ ಅದನ್ನು ನ್ಯಾಯವೆಂದು ಒಪ್ಪುವುದು ಕೃತಜ್ಞತೆಯ ಭಾಗ.

ಸುದ್ದಿ ಬಂದರೆ ಪರಿಶೀಲಿಸಿ ಎಂಬ 'ಅಲ್ ಹುಜುರಾತ್' ಅಧ್ಯಾಯದ ಆದೇಶ ನಮ್ಮ ಮೇಲೆ ಹರಡಿದ ಸುಳ್ಳಿಗೆ ಅನ್ವಯಿಸುವಷ್ಟೇ ನಮ್ಮ ನಡುವೆ ಹರಡುವ ಸುಳ್ಳಿಗೂ ಅನ್ವಯಿಸುತ್ತದೆ. ಆರೋಗ್ಯ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರ ಬಗ್ಗೆ ಮೊಬೈಲ್‌ಗಳಲ್ಲಿ ಹರಿದಾಡಿದ ಸಂಶಯವನ್ನು ನೆನೆಯಿರಿ. ಬಿಸಿಲಲ್ಲಿ ಮನೆ ಮನೆ ತಿರುಗಿದ ಆ ಹೆಣ್ಣುಮಕ್ಕಳು ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು. ಸಾಂಕ್ರಾಮಿಕ ರೋಗವಿರುವ ಊರಿಗೆ ಹೋಗಬೇಡಿ, ಅಲ್ಲಿಂದ ಹೊರಬರಲೂ ಬೇಡಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದರು. ಅಮವಾಸ್‌ನ ಪ್ಲೇಗ್ ಸಂದರ್ಭದಲ್ಲಿ ಉಮರ್(ರ) ಸಿರಿಯಾದ ಗಡಿಯಿಂದಲೇ ಹಿಂದಿರುಗಿದ್ದರು. ಆ ಪರಂಪರೆಯವರಾದ ನಮ್ಮ ಬಾಗಿಲಲ್ಲಿ ಆಶಾ ಕಾರ್ಯಕರ್ತೆಗೆ ಒಂದು ಲೋಟ ನೀರು, ಕೂರಲು ಕುರ್ಚಿ, ಕೇಳಿದ್ದಕ್ಕೆ ಸತ್ಯವಾದ ಉತ್ತರ ದೊರೆಯಬೇಕು. ಖಚಿತವಿಲ್ಲದ ಸಂದೇಶವನ್ನು ಮುಂದೆ ಕಳುಹಿಸುವುದಿಲ್ಲ ಎಂಬ ನಿಯ್ಯತ್ ಪ್ರತಿ ಮನೆಯಲ್ಲಿಯೂ ಆಗಲಿ.

ಮೂರನೆಯದು ಅನ್ನ. ಲಾಕ್‌ಡೌನ್ ದಿನಗಳಲ್ಲಿ ದಿನಸಿ ಕಿಟ್‌ಗಳು ಹಂಚಿಕೆಯಾದವು. ಕೊಟ್ಟವರ ಕೊಡುಗೆಯನ್ನು ಅಲ್ಲಾಹನು ಸ್ವೀಕರಿಸಲಿ. ಸರ್ಕಾರ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2000 ರೂಪಾಯಿಯ 'ನೇಕಾರ ಸಮ್ಮಾನ್' ನೆರವನ್ನು ಪ್ರಕಟಿಸಿತು. ಆದರೆ ಕಿಟ್ ತಿಂಗಳಲ್ಲಿ ಮುಗಿಯುತ್ತದೆ, ಮಗ್ಗ ನಡೆಯಬೇಕಾದದ್ದು ವರ್ಷವಿಡೀ. ಹಿಜ್ರತ್‌ನ ದಿನಗಳ ಒಂದು ಪ್ರಸಂಗ ಇಲ್ಲಿ ದಾರಿದೀಪ. ಮಕ್ಕಾದಿಂದ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಮದೀನಾದ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧ ಕೊಡಲು ಮುಂದಾದರು. ಅವರು ಹರಸಿ, ಮಾರುಕಟ್ಟೆಯ ದಾರಿ ಯಾವುದು ಎಂದಷ್ಟೇ ವಿಚಾರಿಸಿದರು. ಕೊಡುವವನ ಔದಾರ್ಯ, ಪಡೆಯುವವನ ಸ್ವಾಭಿಮಾನ ಎರಡೂ ಅಲ್ಲಿ ಉಳಿದವು.

ನಮ್ಮ ನೇಕಾರನೂ ಕೇಳುವುದು ಮಾರುಕಟ್ಟೆಯ ದಾರಿಯನ್ನೇ. ಮಗ್ಗದ ಮುಂದೆ ಕೂರುವವನ ಹಿಂದೆ ಕಂಡಿಕೆ ಸುತ್ತುವ ತಾಯಿ, ಹೆಂಡತಿ, ಮಗಳು ಇರುತ್ತಾರೆ. ಒಂದು ಸೀರೆ ಮಾರಾಟವಾದರೆ ಅಷ್ಟು ಜನ ಉಣ್ಣುತ್ತಾರೆ. ಮನೆಯ ಮುಂದಿನ ಮದುವೆಗೆ, ಮುಂದಿನ ಈದ್‌ಗೆ ಕೆಲವು ಸೀರೆಗಳನ್ನಾದರೂ ರಬಕವಿ-ಬನಹಟ್ಟಿಯ ಮಗ್ಗದವು ಎಂದು ಕೇಳಿ ಕೊಳ್ಳೋಣ. ಮಗ್ಗದ ಮಾಲಕರಾದವರು ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ಗೋಡೆಯ ಮೇಲಲ್ಲ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಝಕಾತ್ ಕೊಡುವವರು ಅದರ ಒಂದು ಭಾಗವನ್ನು ಸಾಲದಲ್ಲಿ ಮುಳುಗಿದವರ ಬಿಡುಗಡೆಗೆ ಮೀಸಲಿಡಲಿ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಇದ್ದಾರೆ. ಬಡ್ಡಿಯಿಲ್ಲದ ಸಾಲ, ಅಂದರೆ ಕರ್ಝೆ ಹಸನ್, ಐದು ಮನೆಗಳು ಸೇರಿದರೂ ಆರಂಭಿಸಬಹುದಾದ ಕೆಲಸ.

ದೊಡ್ಡ ಕೆಲಸಕ್ಕೆ ದೊಡ್ಡವರೇ ಬೇಕು ಎನ್ನುವವರು ಚಿಕ್ಕಪಡಸಲಗಿಯನ್ನು ನೋಡಲಿ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ಭಾಗದ ರೈತರು ಸರ್ಕಾರದ ಹಣಕ್ಕೆ ಕಾಯದೆ, ತಮ್ಮ ಹಣ ಮತ್ತು ಶ್ರಮದಿಂದ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. 'ಶ್ರಮಬಿಂದು ಸಾಗರ' ಎಂಬ ಅದರ ಹೆಸರೇ ಬೆವರ ಹನಿಗಳ ಲೆಕ್ಕ ಹೇಳುತ್ತದೆ. ಈ ಮಣ್ಣಿನ ಜನ ನಿಶ್ಚಯಿಸಿದರೆ ಏನು ಸಾಧ್ಯ ಎಂಬುದಕ್ಕೆ ದೂರದ ಉದಾಹರಣೆ ಹುಡುಕಬೇಕಿಲ್ಲ.

ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂಬ ಪ್ರಸಿದ್ಧ ಹದೀಸ್ ಹಿಜ್ರತ್‌ನ ಉದಾಹರಣೆಯನ್ನೇ ಕೊಡುತ್ತದೆ. ಹೊರಟವರೆಲ್ಲರ ಹೆಜ್ಜೆ ಒಂದೇ ದಾರಿಯಲ್ಲಿದ್ದರೂ ಪ್ರತಿಯೊಬ್ಬನಿಗೆ ಸಿಗುವುದು ಅವನು ಬಯಸಿ ಹೊರಟದ್ದು ಮಾತ್ರ. ಒಳಿತೊಂದನ್ನು ದೃಢವಾಗಿ ಸಂಕಲ್ಪಿಸಿ, ಅದನ್ನು ಮಾಡಲಾಗದೆ ಹೋದವನಿಗೂ ಪೂರ್ಣ ಪುಣ್ಯ ಬರೆಯಲ್ಪಡುತ್ತದೆ ಎಂದು ಇನ್ನೊಂದು ಹದೀಸ್ ತಿಳಿಸುತ್ತದೆ. ಆ ವರ್ಷ ಹಜ್ಜ್‌ಗೆ ಹೋಗಲಾಗದ ನಮ್ಮ ಹಿರಿಯರಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಇನ್ನಾವುದು? ಮರಳಿ ಬಂದ ಆ ಹಣದ ಪಕ್ಕದಲ್ಲಿ ಅವರ ನಿಯ್ಯತ್ ಸುರಕ್ಷಿತವಾಗಿದೆ.

ಕೃತಜ್ಞರಾದರೆ ಇನ್ನಷ್ಟು ಕೊಡುವೆನೆಂಬ ವಾಗ್ದಾನ 'ಇಬ್ರಾಹೀಮ್' ಅಧ್ಯಾಯದಲ್ಲಿದೆ. ಆ ಹೆಚ್ಚಳ ಮೊದಲು ಕಾಣಬೇಕಾದದ್ದು ನಮ್ಮ ಕೈಗಳು ಇನ್ನೊಬ್ಬರತ್ತ ಚಾಚುವ ಅಳತೆಯಲ್ಲಿ. ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಬಂದ ಮೇಲೆ ಮನೆಮಂದಿಯೆಲ್ಲ ಕೂತು, ಕಳೆದ ವರ್ಷ ನಮಗೆ ಆಸರೆಯಾದ ಮೂವರ ಹೆಸರು ಹೇಳಿಕೊಳ್ಳೋಣ. ಈ ವರ್ಷ ನಾವು ಆಸರೆಯಾಗಬೇಕಾದ ಒಂದು ಮನೆಯನ್ನು ನಿಶ್ಚಯಿಸೋಣ.

ಪ್ರಭೂ, ನಮ್ಮ ನದಿಗಳನ್ನು ಅವುಗಳ ದಂಡೆಯೊಳಗೆ ಹರಿಸು. ನಿಂತ ಮಗ್ಗಗಳಿಗೆ ಕೆಲಸ ಕೊಡು, ರೋಗಿಗಳಿಗೆ ಗುಣ ಕೊಡು, ಅಗಲಿದವರಿಗೆ ಕ್ಷಮೆ ನೀಡು. ನಮಗೆ ಬಾಗಿಲು ತೆರೆದ ಎಲ್ಲರ ಬಾಗಿಲುಗಳಲ್ಲಿ ಸಮೃದ್ಧಿಯಿರಿಸು. ನಿನ್ನ ಅನುಗ್ರಹಕ್ಕೆ ನಾಲಿಗೆಯಿಂದಲೂ ದುಡಿಮೆಯಿಂದಲೂ ಕೃತಜ್ಞರಾಗುವವರ ಸಾಲಿನಲ್ಲಿ ನಮ್ಮನ್ನು ಸೇರಿಸು. ಆಮೀನ್.