ಹಾಲುಹಲ್ಲಿನ ಬ್ಯಾಂಕು

ನಮ್ಮ ಕಾಲದಲ್ಲಿ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಖರ್ಚೇನೂ ಇರಲಿಲ್ಲ, ಹೊಸ ಹಲ್ಲು ತಪ್ಪದೆ ಬರುತ್ತಿತ್ತು. ಈಗ ಅದನ್ನು ಬ್ಯಾಂಕಿನಲ್ಲಿಡಬೇಕಂತೆ.

ಮೊನ್ನೆ ಬೆಂಗಳೂರಿನಿಂದ ತಂಗಿಯ ಮಗಳು ಫೋನು ಮಾಡಿದ್ದಳು. "ದೊಡ್ಡಮ್ಮಾ, ಪುಟ್ಟಿಯ ಮುಂದಿನ ಹಲ್ಲು ಅಲ್ಲಾಡ್ತಿದೆ. ಅದರೊಳಗಿನ ಕಾಂಡಕೋಶ ತೆಗೆದು ಕಾದಿಡ್ತಾರಂತೆ. ಮುಂದೆ ಸಕ್ಕರೆ ಕಾಯಿಲೆ, ಲಕ್ವ ಏನು ಬಂದರೂ ಅದೇ ಮದ್ದಂತೆ. ಇಪ್ಪತ್ತು ವರ್ಷದ ದುಡ್ಡು ಒಟ್ಟಿಗೇ ಕಟ್ಟಬೇಕಂತೆ. ಬಳೆ ಅಡವಿಡೋಣ ಅಂತಿದ್ದೀನಿ. ಈಗ ಬಿಟ್ಟರೆ ಮತ್ತೆ ಸಿಗಲ್ವಂತೆ."

ಮೇಷ್ಟ್ರ ಬುದ್ಧಿ ನೋಡಿ, 'ಅಂತೆ'ಗಳನ್ನು ಎಣಿಸಿದೆ. ನಾಲ್ಕು.

ನಾನು ಓದಿದ್ದು ಬಿ.ಎ., ಬಿ.ಇಡಿ. ವಿಜ್ಞಾನದ ಪಂಡಿತಳಲ್ಲ, ಅದರ ವೈರಿಯೂ ಅಲ್ಲ. ಬಲ್ಲವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡೆ. ಹಲ್ಲಿನ ನಡುವೆ ಮೆತ್ತನೆಯ ತಿರುಳಿದೆ. ಅದರಲ್ಲಿ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಿವೆ. ಅಮೆರಿಕದಲ್ಲಿ ಗ್ರೊಂಥೋಸ್, ಸಾಂಗ್‌ಟಾವೊ ಶಿ ಮತ್ತು ಸಂಗಡಿಗರು ಇದನ್ನು ದೊಡ್ಡವರ ಹಲ್ಲಿನಲ್ಲಿ 2000ರಲ್ಲಿ ತೋರಿಸಿದರು. ಹಾಲುಹಲ್ಲಿನಲ್ಲೂ ಇದೆಯೆಂದು 2003ರಲ್ಲಿ ತಿಳಿಯಿತು. 2018ರಲ್ಲಿ ಚೀನಾದ ವೈದ್ಯರು, ಪೆಟ್ಟು ಬಿದ್ದು ತಿರುಳು ಸತ್ತಿದ್ದ ಮಕ್ಕಳ ಹಲ್ಲಿನೊಳಗೆ ಇಂಥ ಕೋಶಗಳನ್ನಿಟ್ಟು, ರಕ್ತನಾಳ, ನರಗಳ ಸಮೇತ ತಿರುಳು ಮತ್ತೆ ಬೆಳೆದದ್ದನ್ನು ಪ್ರಕಟಿಸಿದರು. ದೊಡ್ಡ ಕೆಲಸ. ಕೈಮುಗಿಯುತ್ತೇನೆ.

ಆದರೆ ಗಮನಿಸಿ. ಅವರು ಬಳಸಿದ್ದು ಅದೇ ಮಗುವಿನ ಬಾಯಲ್ಲಿದ್ದ ಹಾಲುಹಲ್ಲನ್ನು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿ ಇಟ್ಟದ್ದನ್ನಲ್ಲ. ವಾಸಿಯಾದದ್ದು ಹಲ್ಲು, ಸಕ್ಕರೆ ಕಾಯಿಲೆಯಲ್ಲ. ಅಲ್ಲದೆ ಹಾಲುಹಲ್ಲು ತಾನಾಗಿ ಬೀಳುವ ಹೊತ್ತಿಗೆ ಬೇರು ಕರಗಿ, ತಿರುಳು ಚೂರೇ ಉಳಿದಿರುತ್ತದೆ. 'ಈಗ ಬಿಟ್ಟರೆ ಸಿಗದು' ಎಂಬುದೂ ಸುಳ್ಳು: ಬುದ್ಧಿಹಲ್ಲಿನ ತಿರುಳಿನಲ್ಲೂ ಈ ಕೋಶಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೊಕ್ಕುಳಬಳ್ಳಿಯ ರಕ್ತವೊಂದನ್ನು ಕಾದಿಡಲು ಒಪ್ಪಿ, ಹಲ್ಲು ಮೊದಲಾದವುಗಳ ಬ್ಯಾಂಕಿಗೆ ಒಪ್ಪಿಗೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಹಾಗಿದ್ದೂ ಬಳೆ ಬಿಚ್ಚಿಸುವವರು ಮಾರುತ್ತಿರುವುದು ವಿಜ್ಞಾನವನ್ನಲ್ಲ, ತಾಯಿಯ ಭಯವನ್ನು.

ನನಗೆ ಸಿಟ್ಟು ಬರಲು ಇನ್ನೊಂದು ಕಾರಣವಿದೆ. ನಮ್ಮ ಶಾಲೆಯ ಐದನೇ ತರಗತಿಯಲ್ಲಿ ಚೆನ್ನಾಗಿ ಓದುವ ಹುಡುಗಿಯೊಬ್ಬಳು ಗಟ್ಟಿಯಾಗಿ ಓದುವುದನ್ನೇ ಬಿಟ್ಟಳು. ಸೋಮಾರಿತನವೆಂದು ಗದರಿದೆ. ಎರಡು ತಿಂಗಳ ಮೇಲೆ ಕೆನ್ನೆ ಊದಿದಾಗ ಬಾಯಿ ತೆರೆಸಿ ನೋಡಿದೆ; ಕೆಳದವಡೆಯ ಹಲ್ಲು ಕಪ್ಪಾಗಿ ಕುಳಿಬಿದ್ದಿತ್ತು. ಅಪ್ಪನನ್ನು ಕರೆಸಿದರೆ, "ಹಾಲುಹಲ್ಲಲ್ವಾ ಟೀಚರ್, ಬಿದ್ದೋಗುತ್ತೆ ಬಿಡಿ" ಎಂದರು. ಹಾಲುಹಲ್ಲಾಗಿರಲಿಲ್ಲ. ಆರರ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆಹಲ್ಲದು. ಹತ್ತನೇ ವಯಸ್ಸಿಗೇ ಕೀಳಿಸಬೇಕಾಯಿತು. ಬಿ.ಇಡಿ.ಯಲ್ಲಿ ಮಕ್ಕಳ ಮನಸ್ಸು ನೋಡಲು ಕಲಿಸಿದ್ದರು. ಬಾಯಿ ನೋಡಲು ಕಲಿಸಿರಲಿಲ್ಲ. ಆ ಗದರಿಕೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದರು ಹಿರಿಯರು. ನಾವು ಬಿದ್ದ ಹಲ್ಲಿಗೆ ಬೀಗ ಹಾಕಿ, ಇರುವ ಹಲ್ಲನ್ನು ಚಾಕೊಲೇಟಿಗೆ ಬಿಟ್ಟಿದ್ದೇವೆ.

ತಂಗಿಯ ಮಗಳಿಗೆ ಹೇಳಿದೆ: "ಬಳೆ ಕೈಯಲ್ಲೇ ಇರಲಿ ಕಣೇ. ರಾತ್ರಿ ಮಲಗೋ ಮುಂಚೆ ನೀನೇ ಅವಳ ಹಲ್ಲುಜ್ಜಿಸು. ಹಿಂದಿನ ದವಡೆ ನೋಡು. ಬಿದ್ದ ಹಲ್ಲನ್ನು ಹೆಂಚಿನ ಮೇಲೆ ಎಸಿ."

"ನಮ್ಮನೇಲಿ ಹೆಂಚೆಲ್ಲಿದೆ ದೊಡ್ಡಮ್ಮಾ?" ಎಂದಳು.

ಬಳೆಯ ಮಾತನ್ನು ಮಾತ್ರ ಅವಳು ಎತ್ತಲಿಲ್ಲ. ನಾಳೆ ಮತ್ತೆ ಫೋನು ಮಾಡಬೇಕು.